ಮೂವರು ಕೂತ ನೆಲ

ಕುಮಟೆಯ ಪೇಟೆಯಲ್ಲಿ ಹೊಸ ಕಟ್ಟಡ ಎದ್ದರೆ ನೆಲ ಹೊಡೆಯಲು ಊರಾಚೆಯ ಮುಕ್ರಿ ಕೇರಿಗೆ ಕರೆ ಬರುತ್ತಿತ್ತು. ಗೋಡೆ ಕಟ್ಟುವವರು ಬೇರೆ. ಮಾಡಿಗೆ ಹಂಚು ಹೊದೆಸುವವರು ಬೇರೆ. ನೆಲ ಮಾತ್ರ ಕೇರಿಯ ಹೆಂಗಸರದು. ಹೋಮ ಆಗುವ ತನಕ ಯಾವ ಮನೆಯೂ ಮನೆಯಲ್ಲ, ಬರೀ ಕಲ್ಲು ಮಣ್ಣು. ಕಲ್ಲು ಮಣ್ಣಿಗೆ ಮೈಲಿಗೆಯಿಲ್ಲ. ಹಾಗಾಗಿ ದೇವರ ಕೋಣೆಯಾಗುವ ಜಾಗದಲ್ಲೂ ಅವರು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅಡುಗೆಮನೆಯಾಗುವಲ್ಲಿ ಮಗುವಿಗೆ ಮೊಲೆಯೂಡಿಸುತ್ತಿದ್ದರು. ಹೋಮದ ಹೊಗೆ ಎದ್ದಿತೋ, ಮುಗಿಯಿತು. ಮರುದಿನದಿಂದ ಅದೇ ಮನೆಯ ಅಂಗಳದಾಚೆ ನಿಂತು 'ಒಡೆಯಾ' ಎಂದು ಕೂಗಬೇಕು.

ಗಂಗಿ ಈ ಕೆಲಸಕ್ಕೆ ಇಳಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಈಗ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಪೇಟೆಯ ಎಷ್ಟೋ ನೆಲ ಅವಳ ಕೈಯದು. ಅವುಗಳಲ್ಲಿ ಒಂದರ ಮೇಲೂ ದೀಪದ ಬೆಳಕು ಬಿದ್ದದ್ದನ್ನು ಅವಳು ನೋಡಿರಲಿಲ್ಲ.

ಚಿಪ್ಪಿ ಸುಟ್ಟ ಸುಣ್ಣ, ಕೆಂಪು ಕಲ್ಲಿನ ಪುಡಿ, ಮರಳು, ಬೆಲ್ಲದ ನೀರು ಕಲಸಿ ಗಚ್ಚು ಮಾಡಿ ಹರಡುತ್ತಾರೆ. ಆಮೇಲೆ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಹೊಡೆಯಬೇಕು. ಗೋಡೆಯಿಂದ ಬಾಗಿಲ ಕಡೆಗೆ, ಹಿಂದೆ ಹಿಂದೆ ಸರಿಯುತ್ತ. ಹಸಿ ಆರುವುದರೊಳಗೆ ಮುಗಿಯಬೇಕು. ನಡುವೆ ಎದ್ದರೆ ಅಲ್ಲಿ ಬಿರುಕು ಬೀಳುತ್ತದೆ. ಅದಕ್ಕೇ ಯಾರೂ ಏಳುವುದಿಲ್ಲ. ಮೊಣಕಾಲು ಹಿಡಿದುಕೊಂಡರೂ ಏಳುವುದಿಲ್ಲ. ಮುಟ್ಟಾದವಳೂ ಏಳುವುದಿಲ್ಲ. ಕೇರಿಯಲ್ಲಾದರೆ ಅವಳು ಹೊರಗೆ ಕೂರಬೇಕು. ಇಲ್ಲಿ ಮೇಸ್ತ್ರಿ ಕಂಡೂ ಕಾಣದವನ ಹಾಗೆ ಮುಖ ತಿರುಗಿಸಿ ಕೂಗುತ್ತಾನೆ, "ಹೊಡೀರೆ, ಹೊಡೀರಿ. ಗಚ್ಚು ಆರ್ತದೆ." ಸುಣ್ಣ ಬೆರಳ ಸಂದುಗಳನ್ನು ತಿನ್ನುತ್ತದೆ. ಖಾರ ತಾಗಿದರೆ ಜೀವ ಹೋದ ಹಾಗಾಗುತ್ತದೆ. ಕೆಲಸದ ದಿನಗಳಲ್ಲಿ ಅವರು ಕೈಯಿಂದ ಉಣ್ಣುವುದಿಲ್ಲ. ಗಡಿಗೆಗೆ ಬಾಯಿ ಹಚ್ಚಿ ಗಂಜಿ ಕುಡಿಯುತ್ತಾರೆ.

ಸ್ವಾತಂತ್ರ್ಯ ಬಂದ ಮರುವರ್ಷ ಮಹಾಗಣಪತಿ ಭಟ್ಟರು ಕಟ್ಟಿಸಿದ ಹೋಟೆಲ್ಲಿನ ನೆಲವನ್ನೂ ಇವರೇ ಹೊಡೆದರು. ಅಂಥ ಹೋಟೆಲ್ಲು ಕುಮಟೆಯಲ್ಲಿ ಮೊದಲು ಇರಲಿಲ್ಲ. ಮುಂದಿನ ಕೋಣೆಯಲ್ಲಿ ಮುಂಬಯಿಯಿಂದ ಬಂದ ಕುರ್ಚಿ, ಕಲ್ಲಿನ ಹಾಸಿನ ಮೇಜು, ಆಳುದ್ದ ಕನ್ನಡಿ. ಒಳಗಿನ ದೊಡ್ಡ ಕೋಣೆಯಲ್ಲಿ ಎಲೆ ಹಾಕಿ ಸಾಲಾಗಿ ಕೂತು ಉಣ್ಣುವವರಿಗೆ ಗಚ್ಚಿನ ನೆಲ. ಮಸಿ ಬೆರೆಸಿ, ಎಣ್ಣೆ ಹಾಕಿ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಮುಗಿಸಿದ ದಿನ ಮೇಲಿನ ತೊಲೆಗಳು ನೆಲದಲ್ಲಿ ಕಂಡವು. ಭಟ್ಟರು ಖುಷಿಯಾಗಿ, "ನಮ್ಮ ತಮ್ಮನ ಅಡಿಕೆ ವಖಾರಿ ನೆಲಾನೂ ನಿಮಗೇ ಆತು," ಎಂದರು. ಆ ಗೋದಾಮಿನ ಕೆಲಸ ಹಿಡಿದರೆ ಮಳೆಗಾಲದಲ್ಲಿ ಕೇರಿಯ ಒಲೆ ಉರಿಯುತ್ತಿತ್ತು. ಹೋಮವಾಯಿತು. ಹೋಟೆಲ್ಲು ತೆರೆಯಿತು. ಕೋರ್ಟಿನ ವಕೀಲರು, ಮಂಡಿಯ ಸಾವಕಾರರು ದೋಸ್ತರನ್ನು ಕರೆದುಕೊಂಡು ಬಂದು ಉಂಡು, ಕವಳ ಹಾಕಿ, ನಗುತ್ತ ಹೋದರು.

ಅದೇ ಹೊತ್ತಿಗೆ ಖಾದಿ ಟೋಪಿಯವರೊಬ್ಬರು ಕೇರಿಗೆ ಬಂದು, ಮುಂಬಯಿ ಸರಕಾರ ಕಾಯ್ದೆ ಮಾಡಿದೆ, ಹೋಟೆಲ್ಲಿಗೆ ಯಾರೂ ಹೋಗಬಹುದು, ತಡೆದವರಿಗೆ ಶಿಕ್ಷೆ ಎಂದು ಹೇಳಿ ಹೋದರು. ಗಂಡಸರು ತಲೆಯಾಡಿಸಿದರು. ಯಾರೂ ಹೋಗಲಿಲ್ಲ.

"ನಾವೇ ಹೋಗುವಾ," ಎಂದಳು ನಾಗು. ನೆಲ ಹೊಡೆಯುವವರಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳು, ಕಂಕುಳಲ್ಲಿ ಕೂಸು, ಬಾಯಿ ಬಲು ಚುರುಕು. "ಪೇಟೆಯವ್ರು ದೋಸ್ತಿ ಕಟ್ಟಿಕೊಂಡು ಹೋಗಿ ಉಂಡ್ಕಂಡು ಬತ್ರು. ನಮ್ಮದೆಂತ ದೋಸ್ತಿ ಅಲ್ವಾ?"

"ನಿಂಗೆ ಮಳ್ಳು ಹಿಡಿದದೆ," ಎಂದಳು ತಿಮ್ಮಿ. ಅವಳು ಗುಂಪಿಗೆ ಹಿರಿಯಳು. ಸತ್ತ ಮಗಳ ಎರಡು ಮಕ್ಕಳನ್ನು ಸಾಕುತ್ತಿದ್ದಳು. "ವಖಾರಿ ಕೆಲಸ ತಪ್ಪಿಹೋದ್ರೆ ಮಳೆಗಾಲದಲ್ಲಿ ಎಂತ ತಿಂಬೂದು? ನಿನ್ನ ನಾಲಿಗೆಯಾ?"

"ಸುಮ್ಮನೆ ಹೋಗೂದಲ್ಲ ತಿಮ್ಮಕ್ಕ, ದುಡ್ಡು ಕೊಟ್ಟು ಉಂಬೂದು. ಭಟ್ರ ಗಂಟೆಂತ ಹೋಗ್ತದೆ?"

ಗಂಗಿ ಬೆರಳ ಸಂದುಗಳಿಗೆ ತೆಂಗಿನೆಣ್ಣೆ ಸವರುತ್ತ ಕೂತಿದ್ದಳು.

"ಹೋಗುವಾ ತಿಮ್ಮಕ್ಕ," ಎಂದಳು.

"ನೀನೂ ಸೇರಿದ್ಯಾ?"

"ದೀಪ ಹಚ್ಚಿದ ಮೇಲೆ ನಮ್ಮ ನೆಲ ಹೆಂಗೆ ಕಾಣ್ತದೆ, ಒಂದು ಸಲ ನೋಡ್ಬೇಕು."

ತಿಮ್ಮಿಗೆ ಮನಸ್ಸಿರಲಿಲ್ಲ. ಆದರೆ ಇವರಿಬ್ಬರನ್ನೇ ಕಳಿಸುವ ಧೈರ್ಯವೂ ಇರಲಿಲ್ಲ. ಮೂವರೂ ಮಿಂದರು. ಒಗೆದ ಸೀರೆ ಉಟ್ಟರು. ನಾಗು ಕೂಸನ್ನು ಅವ್ವನ ಹತ್ತಿರ ಬಿಟ್ಟು ಅಬ್ಬಲಿಗೆ ದಂಡೆ ಮುಡಿದಳು. ಕೇರಿ ಕಾಯುವ ದೇವರು ಜಟಗನ ಕಲ್ಲಿಗೆ ಕೈ ಮುಗಿದು ಹೊರಟರು.

ಭಟ್ಟರು ದುಡ್ಡಿನ ಗಲ್ಲಾದಲ್ಲಿ ಕೂತಿದ್ದರು. ಬಾಗಿಲಲ್ಲಿ ಮೂವರನ್ನು ಕಂಡು ಅವರ ಮುಖ ಒಂದು ಗಳಿಗೆ ಕಲ್ಲಾಯಿತು. ಮತ್ತೆ ಸಡಿಲವಾಯಿತು. ಅವರು ಬುದ್ಧಿವಂತರು, ಇಂಥ ದಿನ ಬಂದೀತೆಂದು ಎಣಿಸಿಯೇ ಇದ್ದರು. ಮರದ ಕುರ್ಚಿ, ಕಲ್ಲಿನ ಮೇಜು. ತೊಳೆದರೆ ಹೋಯಿತು. ಕಾಯ್ದೆಯೂ ಉಳಿಯಿತು, ಮಡಿಯೂ ಉಳಿಯಿತು.

"ಬನ್ನಿ, ಬನ್ನಿ. ಯಾರು ಬ್ಯಾಡ ಅಂದ್ರು? ಅಲ್ಲಿ ಕೂರಿ," ಎಂದು ಮೂಲೆಯ ಕುರ್ಚಿಗಳನ್ನು ತೋರಿಸಿದರು.

ಆ ಹೆಂಗಸರು ಹುಟ್ಟಿದಂದಿನಿಂದ ಕುರ್ಚಿಯ ಮೇಲೆ ಕೂತವರಲ್ಲ. ಕುರ್ಚಿ ಎಂದರೆ ಒಡೆಯರು ಕೂರುವುದು. ಒಡೆಯರ ಎದುರಿಗೆ ಅದರ ಮೇಲೆ ಏರಿ ಕೂರುವುದು ಅವರಿಂದ ಆಗದ ಮಾತು. ತಿಮ್ಮಿ ತಲೆ ತಗ್ಗಿಸಿ ಕುರ್ಚಿಗಳನ್ನು ದಾಟಿದಳು. ಅವಳ ಹಿಂದೆ ಗಂಗಿ, ಗಂಗಿಯ ಹಿಂದೆ ನಾಗು. ಒಳಗಿನ ಕೋಣೆಗೆ ಹೋಗಿ, ಗೋಡೆ ಬದಿಗೆ, ನೆಲದ ಮೇಲೆ ಸಾಲಾಗಿ ಕೂತುಬಿಟ್ಟರು. ಸೊಕ್ಕು ಎಂದಾರೆಂದು ಹೆದರಿ ನೆಲ ಹಿಡಿದರು. ಆ ದಿನ ಆ ಪೇಟೆಯಲ್ಲಿ ಅದಕ್ಕಿಂತ ದೊಡ್ಡ ಸೊಕ್ಕು ಬೇರೆ ಇರಲಿಲ್ಲ.

ಎದುರು ಸಾಲಿನಲ್ಲಿ ಉಣ್ಣುತ್ತಿದ್ದವರ ಕೈ ನಿಂತಿತು. ಬಡಿಸುವ ಅನಂತಮೂರ್ತಿ ಓಡಿಹೋಗಿ ಭಟ್ಟರ ಕಿವಿಯಲ್ಲಿ, "ಮೂರೂ ಜನ ಪಂಕ್ತಿಯಲ್ಲೇ ಕುಂತಿದ್ದ. ಎಂತ ಮಾಡವು?" ಎಂದ.

"ಬಡಿಸು," ಎಂದರು ಭಟ್ಟರು ಹಲ್ಲು ಕಚ್ಚಿ. "ಕಾಯ್ದೆ ಇದ್ದು. ಎಬ್ಬಿಸಲೆ ಬತ್ತಿಲ್ಲೆ."

ಅವನು ಬಡಿಸಿದ. ಅನ್ನ ಮೇಲಿನಿಂದ ಬಿತ್ತು. ಸಾರು ಮೇಲಿನಿಂದ ಬಿದ್ದು ಎಲೆಯಿಂದ ಹೊರಗೆ ಚಿಮ್ಮಿತು. ಗಂಗಿ ಮೊದಲು ಅನ್ನ ಮುಟ್ಟಲಿಲ್ಲ. ಎಡಗೈಯನ್ನು ಮೆಲ್ಲಗೆ ನೆಲದ ಮೇಲೆ ಊರಿದಳು. ತಂಪಾಗಿತ್ತು. ಕಿಟಕಿಯ ಬೆಳಕು ನೆಲದಲ್ಲಿ ಉದ್ದಕ್ಕೆ ಮಲಗಿತ್ತು. ದೇವರ ಮುಂದಿನ ನಂದಾದೀಪವೊಂದು ಅದರಲ್ಲಿ ತಲೆಕೆಳಗಾಗಿ ಉರಿಯುತ್ತಿತ್ತು. ದೇವರೇ, ಇಷ್ಟು ಚಂದ ಮಾಡಿದ್ದೆವಾ ನಾವು, ಎಂದುಕೊಂಡಳು.

"ಹಪ್ಪಳ ಕಡಿದ್ರೆ ಸದ್ದಾಗ್ತದೆ ಮಾರಾಯ್ತಿ," ಎಂದು ನಾಗು ಪಿಸುಗುಟ್ಟಿದಳು. "ಹೆಂಗೆ ತಿಂಬೂದು?"

"ಬಾಯಲ್ಲಿ ಇಟ್ಕಂಡು ನೆನೆಸು," ಎಂದಳು ತಿಮ್ಮಿ, ತಲೆಯೆತ್ತದೆ.

ನಾಗುವಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು. ಎದುರು ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಪಾಯಸ ಬರುವ ಹೊತ್ತಿಗೆ ಆ ದೊಡ್ಡ ಕೋಣೆಯಲ್ಲಿ ಈ ಮೂವರೇ ಉಳಿದಿದ್ದರು. ಉಂಡರು. ಯಾರೂ ಹೇಳದಿದ್ದರೂ ತಮ್ಮ ತಮ್ಮ ಎಲೆ ತಾವೇ ಎತ್ತಿದರು. ದುಡ್ಡನ್ನು ಗಲ್ಲಾದ ಮುಂದೆ ನೆಲದ ಮೇಲೆ ಇಟ್ಟರು. ಭಟ್ಟರು ತಲೆಯೆತ್ತಲಿಲ್ಲ.

ಪೇಟೆ ದಾಟಿದರು. ಗದ್ದೆಯ ಬದು ಸಿಕ್ಕಿದ ಮೇಲೆ ತಿಮ್ಮಿ ನಿಂತಳು.

"ಪಾಯಸಕ್ಕೆ ಏಲಕ್ಕಿ ಹಾಕಿದ್ರು," ಎಂದಳು. ಸೆರಗಿನಿಂದ ಕಣ್ಣೊರಸಿಕೊಂಡಳು. ಆಮೇಲೆ ಮೂವರೂ ನಕ್ಕರು.

ಮರುದಿನ ಗಂಗಿಯ ಗಂಡ ಬೀರ ಪೇಟೆಗೆ ಕೂಲಿಗೆ ಹೋಗಿದ್ದ. ಸಂಜೆ ಬಂದು ಹಾರೆ ಗೋಡೆಗೆ ಒರಗಿಸಿ, ಮೈಯೆಲ್ಲ ಧೂಳು, ಜಗಲಿಯಲ್ಲಿ ಕೂತ.

"ಭಟ್ರ ಹೋಟೆಲ್ಲಲ್ಲಿ ಕೆಲಸ ಇತ್ತು. ಒಳಗಿನ ನೆಲ ಅಗೆಸಿದ್ರು."

ಗಂಗಿ ಹೊಸಿಲಿಗೆ ಬಂದಳು. "ನೆಲ ಅಗೆಸಿದ್ರಾ? ಯಾವ ನೆಲ?"

"ಗೋಡೆ ಬದಿ. ಗಟ್ಟಿ ಅಂದ್ರೆ ಗಟ್ಟಿ, ಕಲ್ಲು ಒಡೆದ ಹಂಗೆ ಆತು. ಮೂರು ಜನ ಕೂತಷ್ಟು ಅಗಲ ಅಗೆ ಅಂದ್ರು..." ಬೀರನ ಮಾತು ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದ. ತನ್ನ ಕೈ ನೋಡಿಕೊಂಡ. ಅವನಿಗೆ ಆಗ ಹೊಳೆಯಿತು.

ತಲೆ ತಗ್ಗಿಸಿ ಉಳಿದದ್ದನ್ನು ಹೇಳಿದ. ಹೋಟೆಲ್ಲಿಗೆ ಎಲೆಯೂಟಕ್ಕೆ ಜನ ಬರುವುದು ನಿಂತಿದೆ. ಗೋಮಯ ಬಳಿದರೂ ಒಪ್ಪುವುದಿಲ್ಲವೆಂದು ವಕೀಲರು ಹೇಳಿದ್ದಾರೆ. ಗಚ್ಚು ಹೀರಿಕೊಳ್ಳುತ್ತದಂತೆ. ಕೂತಷ್ಟು ಅಗೆದು ತೆಗೆದು ಹೊಸದಾಗಿ ನೆಲ ಹಾಕಿ ಹೋಮ ಮಾಡಬೇಕು. ನಾಳೆ ಕೇರಿಯ ಹೆಂಗಸರು ಬಂದು ಅಷ್ಟನ್ನು ಹೊಡೆದು ಕೊಡಬೇಕು. ಕೂಲಿ ದುಪ್ಪಟ್ಟು.

"ಬರದಿದ್ರೆ?"

"ವಖಾರಿ ಕೆಲಸ ಹೊನ್ನಾವರದ ಹೆಂಗಸರಿಗೆ ಅಂದ್ರು."

ಗಂಗಿ ಆ ದಿನ ಒಲೆ ಹಚ್ಚಲಿಲ್ಲ. ಜಟಗನ ಕಲ್ಲಿನ ಮುಂದೆ ಹೋಗಿ ಕೂತಳು. ಏನನ್ನೂ ಬೇಡಲಿಲ್ಲ. ನಾವು ಕೂತದ್ದನ್ನು ತೆಗೆಯಲು ನಾವೇ ಬೇಕು. ನಾವು ಉಂಡದ್ದನ್ನು ತೊಳೆಯಲು ನಮ್ಮದೇ ಕೈ ಬೇಕು. ಇದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿದಳು. ಎಷ್ಟು ತಿರುವಿದರೂ ಅದು ಗಂಟಲಿಗೆ ಇಳಿಯಲಿಲ್ಲ. ಎದ್ದು ತಿಮ್ಮಿಯ ಗುಡಿಸಲಿಗೆ ಹೋದಳು. ನಾಗುವೂ ಅಲ್ಲಿದ್ದಳು.

"ಯಾರೂ ಹೋಗೂದು ಬ್ಯಾಡ," ಎಂದಳು ಗಂಗಿ. "ಆ ಹೊಂಡ ಹಂಗೇ ಇರ್ಲಿ. ಉಂಬೋರು ನೋಡ್ಕಂಡು ಉಣ್ಲಿ."

ನಾಗು ಹೂಂ ಎಂದಳು. ತಿಮ್ಮಿ ಮೊಮ್ಮಕ್ಕಳ ತಲೆ ಸವರುತ್ತ ಕೂತಿದ್ದಳು. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಮಾರನೆಯ ದಿನ ಹೊತ್ತು ನೆತ್ತಿಗೇರುವಾಗ ನಾಗು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಓಡಿಬಂದಳು.

"ಗಂಗಕ್ಕಾ, ತಿಮ್ಮಕ್ಕ ಹೋಗಿದ್ದಾಳೆ. ಒಬ್ಬಳೇ ಹೊಡೀತಿದ್ದಾಳೆ!"

ಗಂಗಿ ಕೈಯಲ್ಲಿದ್ದುದನ್ನು ಎಸೆದು ನಡೆದಳು. ನಾಗು ಹಿಂದೆ ಹಿಂದೆ. ಹೋಟೆಲ್ಲಿನ ಬೀದಿಗೆ ಬಂದಾಗಲೇ ಕೊಡತಿಯ ಸದ್ದು ಕೇಳಿಸಿತು. ಒಂದೇ ಕೊಡತಿ. ಹೆಂಗಸರೆಲ್ಲ ಸೇರಿ ಹೊಡೆದರೆ ಅದಕ್ಕೊಂದು ಲಯವಿರುತ್ತದೆ, ಹಾಡಿರುತ್ತದೆ. ಇದು ಎದೆಗುದ್ದಿಕೊಂಡ ಹಾಗೆ ಕೇಳಿತು.

ಒಳಗಿನ ಕೋಣೆಗೆ ಅಡ್ಡವಾಗಿ ಒಂದು ಜಮಖಾನ ಕಟ್ಟಿದ್ದರು. ಹೊಂಡದ ಸುತ್ತ ಮಡಿನೀರು ಚಿಮುಕಿಸಿ ಗೆರೆ ಎಳೆದು, ಆಚೆಗಿನದು ಶುದ್ಧ ಎಂದು ಭಟ್ಟರು ಹೇಗೋ ಕೆಲವರನ್ನು ಒಪ್ಪಿಸಿ ಊಟಕ್ಕೆ ಕೂರಿಸಿದ್ದರು. ಜಮಖಾನದ ಆಚೆ ಪಂಕ್ತಿ. ಈಚೆ ಹಿತ್ತಲ ಬಾಗಿಲಿಂದ ಒಳಗೆ ಬಿಟ್ಟುಕೊಂಡ ತಿಮ್ಮಿ, ಮೊಣಕಾಲ ತನಕ ಸೀರೆ ಎತ್ತಿ ಕಟ್ಟಿ, ಮೋರೆಯೆಲ್ಲ ಬೆವರು. ಪಕ್ಕದಲ್ಲಿ ಕಲಸಿದ ಸುಣ್ಣದ ಬಾನಿ.

ಗಂಗಿ, ಅವಳ ಬೆನ್ನಿಗೆ ಕೂಸು ಹೊತ್ತ ನಾಗು, ಹಿತ್ತಲ ಬಾಗಿಲಲ್ಲೇ ಒಳಗೆ ಬಂದರು.

"ಏಳು ತಿಮ್ಮಕ್ಕ."

"ಮಾತಾಡಿಸಬ್ಯಾಡ. ಹಸಿ ಆರ್ತದೆ."

"ಆರ್ಲಿ. ನೀನು ಏಳು."

"ಮಕ್ಕಳು ನಿನ್ನೆಯಿಂದ ಗೆಣಸಿನ ಸೊಪ್ಪು ತಿಂದವೆ," ಎಂದಳು ತಿಮ್ಮಿ. ಕೊಡತಿ ನಿಲ್ಲಿಸಲಿಲ್ಲ. "ನಿಂಗೆ ಗಂಡ ಅದಾನೆ, ಕೂಲಿ ತತ್ತಾನೆ. ನಂಗೆ ಯಾರಿದಾರೆ? ಮಾನ ಬೇಯಿಸಿ ಹಾಕ್ಲಾ ಅವಕ್ಕೆ?"

ಗಂಗಿ ಬಗ್ಗಿ ಅವಳ ರಟ್ಟೆ ಹಿಡಿದಳು. ಮಾತು ಕೇಳಿ ಭಟ್ಟರು ಜಮಖಾನ ಸರಿಸಿ ಬಂದರು. ಮುಖ ಕೆಂಪಾಗಿತ್ತು, ಆದರೆ ಉಣ್ಣುವವರಿದ್ದಾರೆಂದು ದನಿ ತಗ್ಗಿಸಿದರು.

"ಏನೇ ಗಂಗೀ, ಹೊಡೂಕೆ ಬಂದ್ರೆ ಕೂತು ಹೊಡಿ. ಇಲ್ದಿದ್ರೆ ಹೊರಗೆ ಹೋಗು."

"ಒಂದು ಮಾತು ಕೇಳ್ತೆ ಒಡೆಯಾ. ಇಷ್ಟೇ ಯಾಕೆ ಅಗೆಸಿದ್ರಿ?"

"ಎಂತ?"

"ನಾವು ಕೂತದ್ದು ಇಷ್ಟೇ ಜಾಗದಲ್ಲಾ?" ಗಂಗಿ ದನಿ ತಗ್ಗಿಸಲಿಲ್ಲ. "ಬೇಸಗೆ ಇಡೀ ಕೂತಿದ್ವಿ. ಆ ಕಂಬದ ಬುಡಕ್ಕೆ ಈ ಕೂಸು ಉಚ್ಚೆ ಹೊಯ್ದದೆ. ಅದರ ಮೇಲೇ ಹೊಡೆದ್ವಿ. ಅಲ್ಲಿ ಆಚೆ, ಈಗ ಉಂಬುಕೆ ಕೂತಾರಲ್ಲ, ಅಲ್ಲಿ ತಿಮ್ಮಕ್ಕನ ಕೈ ಒಡೆದು ರಗ್ತ ಸೋರಿ ಗಚ್ಚಿನ ಜತೆ ಕಲೆತು ಹೋಗದೆ. ಈ ಗೋಡೆಯಿಂದ ಆ ಬಾಗಿಲ ತನಕ ನಾನು ಮುಟ್ಟಾಗಿ ಹೊಡೆದದ್ದು. ನಿಮ್ಮ ಮೇಸ್ತ್ರಿ ಕಂಡಿದ್ದ. ಏಳಬ್ಯಾಡ ಅಂದ. ಅಗೆಸಿ ಒಡೆಯಾ. ಎಲ್ಲಾ ಅಗೆಸಿ."

"ಬಾಯಿ ಮುಚ್ಚು! ಹೋಮ ಆದ ಮೇಲೆ ಅದೆಲ್ಲ ಸುಟ್ಟು ಹೋತು."

"ನಮ್ಮ ರಗ್ತ ಸುಟ್ಟು ಹೋಗ್ತದೆ. ನಾವು ಉಂಡ ಅನ್ನ ಸುಟ್ಟು ಹೋಗೂದಿಲ್ವಾ? ಅದೆಂತಾ ಹೋಮ?"

ಜಮಖಾನದಾಚೆ ಯಾರೂ ಉಣ್ಣುತ್ತಿರಲಿಲ್ಲ. ಒಂದು ಲೋಟ ಉರುಳಿತು. ಯಾರೋ "ರಾಮ ರಾಮ" ಎಂದರು. ಒಬ್ಬರು ಎದ್ದರು. ಮತ್ತೊಬ್ಬರು ಎದ್ದರು. ಅರ್ಧ ಉಂಡ ಎಲೆ ಬಿಟ್ಟು ಎದ್ದವರು ಆ ಎಲೆಗೆ ಮರಳಿ ಕೂರುವ ಹಾಗಿಲ್ಲ. ಭಟ್ಟರು ಅತ್ತ ಓಡಿದರು, "ಕೂತ್ಕಳಿ, ಕೂತ್ಕಳಿ, ಹುಚ್ಚು ಹೆಂಗಸು" ಎಂದು ಕೈ ಜೋಡಿಸಿದರು. ಯಾರೂ ಕೇಳಲಿಲ್ಲ. ಮರಳಿ ಬಂದಾಗ ಅವರು ಮೊದಲಿನ ಭಟ್ಟರಾಗಿರಲಿಲ್ಲ. ಕೈಯಿಂದ ಅವಳನ್ನು ಮುಟ್ಟುವಂತಿಲ್ಲ. ಕಾಲೆತ್ತಿ ಸುಣ್ಣದ ಬಾನಿಯನ್ನು ಒದ್ದರು.

ಬಾನಿ ಹಾರಿತು. ಹೊಂಡದ ಬದಿಯಲ್ಲಿ ಬಗ್ಗಿ ತಿಮ್ಮಿಯ ರಟ್ಟೆ ಹಿಡಿದಿದ್ದ ಗಂಗಿಯ ಮುಖಕ್ಕೆ ಸುಣ್ಣ ಬಡಿಯಿತು.

ಗಂಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕುಸಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ಒಂದು ದನಿ ಬಂತು. ಆ ದನಿಗೆ ನಾಗುವಿನ ಕೂಸು ಅಳತೊಡಗಿತು. ಜೊತೆಯಲ್ಲಿ ದುಡಿಯುತ್ತಿದ್ದ ಚೌಡಮ್ಮನ ಕಣ್ಣು ಹೀಗೆಯೇ ಹೋದದ್ದನ್ನು ತಿಮ್ಮಿ ಕಂಡಿದ್ದಳು. ನೀರು ಬೇಕು. ಈಗಲೇ ಬೇಕು. ತಡ ಮಾಡಿದರೆ ಕಣ್ಣು ಬೇಯುತ್ತದೆ. ಅವಳು ಕೊಡತಿ ಬಿಟ್ಟು ಎದ್ದಳು.

"ನೀರು! ನೀರು ಹೊಯ್ರಾ!"

ಅನಂತಮೂರ್ತಿ ತಂಬಿಗೆ ಹಿಡಿದು ನಿಂತಿದ್ದ. ಅವನ ಕೈ ಮುಂದಕ್ಕೆ ಬಂತು. ಅವನು ಭಟ್ಟರ ಮುಖ ನೋಡಿದ. ಕೈ ಹಿಂದಕ್ಕೆ ಹೋಯಿತು.

"ಹಿತ್ತಲಿಗೆ ಎಳಕಂಡು ಹೋಗಿ," ಎಂದರು ಭಟ್ಟರು. ತಾನು ಮಾಡಿದ್ದು ಅವರಿಗೂ ಕಂಡಿತ್ತು, ದನಿ ಒಡೆದಿತ್ತು. "ಬಾವಿಕಟ್ಟೆ ಆಚೆ ನಿಲ್ಲಿಸಿ. ಅಲ್ಲಿ ಹೊಯ್ಯಲೆ ಹೇಳ್ತೆ."

ತಿಮ್ಮಿ ಸುತ್ತ ನೋಡಿದಳು. ಜಮಖಾನದಾಚೆ ಗೋಡೆಯ ಮೂಲೆಯಲ್ಲಿ, ಕಟ್ಟೆಯ ಮೇಲೆ, ಹೊಳೆಯುವ ತಾಮ್ರದ ಹಂಡೆ. ಪಂಕ್ತಿಗೆಲ್ಲ ಕುಡಿಯುವ ನೀರು ಅದರಲ್ಲಿ. ಮೇಲೆ ಬಿಳಿಯ ಬಟ್ಟೆ. ಈ ವಯಸ್ಸಿನ ತನಕ ಅವಳು ಬಾಯಾರಿದಾಗಲೆಲ್ಲ ಬೊಗಸೆ ಒಡ್ಡಿ, ಯಾರಾದರೂ ಮೇಲಿನಿಂದ ಹೊಯ್ದಾರೆಂದು ಬಿಸಿಲಲ್ಲಿ ನಿಂತು ಕಾದವಳು. ಹೊಯ್ಯದಿದ್ದರೆ ಒಣಗಿದ ಬಾಯಲ್ಲೇ ನಡೆದುಹೋದವಳು. ಒಬ್ಬರಿಗೂ ಒಂದು ಮಾತು ಎದುರಾಡಿದವಳಲ್ಲ.

ಅವಳು ಕಟ್ಟೆಯ ಹತ್ತಿರ ಹೋದಳು.

"ತಿಮ್ಮೀ! ಮುಟ್ಟಬೇಡ! ತಿಮ್ಮೀ!"

ಅವಳು ಬಟ್ಟೆ ಕಿತ್ತು ಎಸೆದಳು. ಸುಣ್ಣ ಮೆತ್ತಿದ ಎರಡೂ ಕೈಯನ್ನು ಮಣಿಕಟ್ಟಿನ ತನಕ ಹಂಡೆಯೊಳಗೆ ಇಳಿಸಿದಳು. ಮೇಲಿನ ನೀರು ಬೆಳ್ಳಗಾಯಿತು. ಅವಳು ಅದನ್ನು ನೋಡಿದಳು. ಹಂಡೆಯ ಕಂಠ ಹಿಡಿದು ವಾಲಿಸಿ, ಆ ಬಿಳಿ ನೀರನ್ನು ತಿಳಿನೀರು ಕಾಣುವ ತನಕ ಕಟ್ಟೆಯ ಮೇಲೆ ಚೆಲ್ಲಿ ಕೈ ತೊಳೆದುಕೊಂಡಳು. ಹಂಡೆಯ ಪಕ್ಕದಲ್ಲಿದ್ದ ಚೆಂಬು ತೆಗೆದು ಅದ್ದಿದಳು. ನಾಗು ಕೂಸನ್ನು ನೆಲದ ಮೇಲೆ ಕೂರಿಸಿ ಗಂಗಿಯನ್ನು ಕಟ್ಟೆಯ ತನಕ ಎಳೆದು ತಂದಳು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೆಪ್ಪೆ ಬಿಡಿಸಿದಳು.

"ಕಣ್ಣು ಬಿಡು ಗಂಗೀ. ಬಿಡೇ. ನಾನು ಹೊಯ್ತೆ," ಎಂದಳು ತಿಮ್ಮಿ.

ಚೆಂಬಿನ ಮೇಲೆ ಚೆಂಬು ಹೊಯ್ದಳು. ನೀರು ಗಂಗಿಯ ಮುಖದಿಂದ ಇಳಿದು, ಕಪ್ಪು ನೆಲದ ಮೇಲೆ ಹರಿದು, ಅರ್ಧ ಉಂಡ ಎಲೆಗಳ ಕೆಳಗೆ ನುಗ್ಗಿತು. ಎಲೆಗಳು ತೇಲಿದವು. ಭಟ್ಟರು ಗೋಡೆಗೆ ಒತ್ತಿಕೊಂಡು ನಿಂತರು. ಯಾರೂ ಅವಳ ಕೈ ಹಿಡಿಯಲು ಬರಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಿತ್ತು.

ಗಂಗಿಯ ಬಲಗಣ್ಣು ತೆರೆಯಿತು. ಕೆಂಪಗಿತ್ತು, ಆದರೂ ತಿಮ್ಮಿಯ ಮುಖ ಹುಡುಕಿತು. ಎಡಗಣ್ಣು ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ.

"ತಿಮ್ಮಕ್ಕಾ," ಎಂದಳು ಗಂಗಿ. ಸುಣ್ಣಕ್ಕೆ ತುಟಿ ಬಿರಿದಿತ್ತು.

ತಿಮ್ಮಿ ಕೊನೆಯ ಚೆಂಬನ್ನು ಹಂಡೆಯ ತಳದಿಂದ ಮೊಗೆದಳು. ಮೇಲಿನಿಂದ ಹೊಯ್ಯಲಿಲ್ಲ. ಬಗ್ಗಿ, ಚೆಂಬಿನ ಕಂಠವನ್ನು ಅವಳ ತುಟಿಗೆ ಹಚ್ಚಿದಳು.

"ಕುಡಿ," ಎಂದಳು.